ಸೀಲಿಂಗ್ ರಾಮಾಂಜಿನಯ್ಯನವರ ಹಿತ್ತಾಳೆ ಕೊಕ್ಕೆ

ಸೀಲಿಂಗಿನ ಬಿರುಕಿನಲ್ಲಿ ಮೂರು ಥರ ಇದೆ, ಅದನ್ನು ನನಗೆ ಹೇಳಿಕೊಟ್ಟವರು ರಾಮಾಂಜಿನಯ್ಯನವರೇ. ಕೂದಲೆಳೆಯ ಹಾಗೆ ಅಡ್ಡಾದಿಡ್ಡಿ ಓಡಿದ್ದರೆ ಅದು ಬರೀ ಪೇಂಟಿನ ಬಿರುಕು, ಹೆದರಬೇಕಾಗಿಲ್ಲ. ಸ್ಕೇಲ್ ಇಟ್ಟು ಗೆರೆ ಎಳೆದಂತೆ ನೆಟ್ಟಗಿದ್ದರೆ ಎರಡು ಜಿಪ್ಸಮ್ ಬೋರ್ಡ್ ಕೂಡುವ ಜಾಗದಲ್ಲಿ ಟೇಪ್ ಬಿಟ್ಟಿದೆ ಎಂದು ಅರ್ಥ. ಹಳೇ ಟೇಪ್ ಕೆರೆದು ತೆಗೆದು ಹೊಸದು ಹಾಕಿದರೆ ಆಯಿತು. ಮೂರನೆಯದು ಓರೆಯಾಗಿ ಹೊರಡುತ್ತದೆ, ಅದರ ಒಂದು ಅಂಚು ಸ್ವಲ್ಪ ಕೆಳಗಿಳಿದಿರುತ್ತದೆ, ಯಾವುದೋ ಭಾರಕ್ಕೆ ಬೋರ್ಡೇ ಜಗ್ಗಿದೆ ಅಂತ. ಅದನ್ನು ಕಂಡರೆ ಮಾತ್ರ ರಾಮಾಂಜಿನಯ್ಯನವರ ಮುಖ ಸಣ್ಣಗಾಗುತ್ತದೆ. ಕುಣಿಗಲ್ಲಿನ ನಮ್ಮ ದೊಡ್ಡಪ್ಪನ ಮನೆಯ ಹಾಲ್‌ನಲ್ಲಿ ಬಿಟ್ಟಿದ್ದು ಆ ಮೂರನೇ ಥರದ್ದು.

ಅದಕ್ಕೆ ಮೊದಲು ಮನುಷ್ಯನ ಬಗ್ಗೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೆ ಅರ್ಥವಾಗುವುದಿಲ್ಲ. ತುಮಕೂರಿನ ಮರಳೂರಿನಲ್ಲಿ ಬರೀ ರಾಮಾಂಜಿನಯ್ಯ ಎಂದು ಕೇಳಿದರೆ ನಾಲ್ಕು ಮನೆ ತೋರಿಸುತ್ತಾರೆ. ಸೀಲಿಂಗ್ ರಾಮಾಂಜಿನಯ್ಯ ಎಂದರೆ ಒಂದೇ ಮನೆ. ವಯಸ್ಸು ಐವತ್ತಾರು. ಹುಟ್ಟಿದ್ದು ಕೋರದಲ್ಲಿ. ಅಪ್ಪ ಗಾರೆ ಕೆಲಸದವರು, ಇವರೂ ಕರಣೆ ಹಿಡಿದೇ ಬೆಳೆದವರು. ಮೊದಲು ಚಾವಣಿಯ ಮಧ್ಯೆ ಪ್ಲಾಸ್ಟರಿನ ಹೂವು ಬಳ್ಳಿ ಮಾಡುತ್ತಿದ್ದರಂತೆ. ಆಮೇಲೆ ಜಿಪ್ಸಮ್ ಬೋರ್ಡ್ ಬಂತು, ಎಲ್ಲರಿಗೂ ಫಾಲ್ಸ್ ಸೀಲಿಂಗ್ ಬೇಕಾಯಿತು, ಇವರೂ ಅದಕ್ಕೇ ಹೊರಳಿದರು. ಮೂವತ್ತು ವರ್ಷ ಮೇಲೆ ನೋಡಿ ನೋಡಿ ಕತ್ತು ಹಿಂದಕ್ಕೆ ವಾಲಿದೆ, ರಾತ್ರಿ ದಿಂಬು ಇಟ್ಟುಕೊಂಡರೆ ನಿದ್ದೆ ಬರುವುದಿಲ್ಲ. ಯಾರ ಮದುವೆಗೆ ಹೋದರೂ ಧಾರೆ ಹೊತ್ತಿಗೆ ಎಲ್ಲರೂ ಗಂಡು ಹೆಣ್ಣನ್ನು ನೋಡುತ್ತಿದ್ದರೆ ಇವರೊಬ್ಬರು ಛತ್ರದ ಸೀಲಿಂಗ್ ನೋಡುತ್ತಿರುತ್ತಾರೆ.

"ನಮ್ ಮದ್ವೆಲೂ ಹಂಗೇ ಕಣಮ್ಮ. ತಾಳಿ ಕಟ್ಟೋವಾಗ ಚಪ್ಪರ ನೋಡ್ತಿದ್ರು. ಕಟ್ಟಿದ್ದು ನಂಗೋ ನಮ್ಮಕ್ಕಂಗೋ, ಇವತ್ತಿಗೂ ಅವ್ರಿಗೆ ಗ್ಯಾರಂಟಿ ಇಲ್ಲ," ಎನ್ನುತ್ತಾರೆ ತಿಪ್ಪಮ್ಮ. ಅವರ ಹೆಂಡತಿ.

ತಿಪ್ಪಮ್ಮ ಇಲ್ಲದೆ ರಾಮಾಂಜಿನಯ್ಯ ಏಣಿ ಹತ್ತುವುದಿಲ್ಲ. ಬಿರುಕಿಗೆ ತುಂಬುವ ಬಿಳಿ ಹಿಟ್ಟು ಕಲಸುವುದು ಅವರ ಕೈ. ದೋಸೆ ಹಿಟ್ಟಿನ ಹದಕ್ಕೆ ಕಲಸಿದರೆ ಸುರಿದು ಹೋಗುತ್ತದೆ, ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿದರೆ ನಿಲ್ಲುತ್ತದೆ, ಇಷ್ಟೇ ಅವರ ಲೆಕ್ಕ. ಒಂದು ಸಲ ಬಳಿದು, ಒಂದು ದಿನ ಒಣಗಲು ಬಿಟ್ಟು, ಇನ್ನಷ್ಟು ಅಗಲಕ್ಕೆ ಎರಡನೇ ಸಲ, ಮತ್ತೆ ಒಂದು ದಿನ ಬಿಟ್ಟು ಮೂರನೇ ಸಲ. ಆಮೇಲೆ ಉಜ್ಜುವ ಕೆಲಸ. ಉಜ್ಜಿ ಇಳಿದು ಬಂದಾಗ ಗಂಡ ಹೆಂಡತಿ ಇಬ್ಬರ ಹುಬ್ಬು ಮೀಸೆಯೂ ಬೆಳ್ಳಗೆ, ವಿಭೂತಿಯಲ್ಲಿ ಹೊರಳಿ ಬಂದವರ ಹಾಗೆ ಕಾಣುತ್ತಾರೆ. ತಿಪ್ಪಮ್ಮನವರಿಗೆ ಮೀಸೆ ಇಲ್ಲ, ಆದರೆ ಆ ಧೂಳಿನಲ್ಲಿ ಬರುತ್ತದೆ.

ರಾಮಾಂಜಿನಯ್ಯನವರಿಗೆ ಒಂದು ಅಭ್ಯಾಸ ಇದೆ. ಪ್ರತಿ ಮನೆಯಲ್ಲೂ ಮಧ್ಯದ ಬೋರ್ಡನ್ನು ಮೇಲೆತ್ತುವ ಮುಂಚೆ ಅದರ ಬೆನ್ನಿಗೆ ಪೆನ್ಸಿಲ್‌ನಲ್ಲಿ ತಾರೀಖು, ಮನೆಯವರ ಹೆಸರು, ಇನ್ನೊಂದು ಮಾತು ಬರೆಯುತ್ತಾರೆ. 'ಇಲ್ಲಿ ವೈರು ಇದೆ', 'ಈ ಮೂಲೆ ತೇವ', ಹೀಗೆ. ಸ್ಕ್ರೂ ಹೊಡೆದ ಮೇಲೆ ಆ ಬರಹ ಮೇಲ್ಮುಖವಾಗಿ ಕತ್ತಲಲ್ಲಿ ಉಳಿಯುತ್ತದೆ, ಯಾರಿಗೂ ಕಾಣುವುದಿಲ್ಲ. ಮುಂದೆ ಯಾವತ್ತೋ ಬಿಚ್ಚುವವನಿಗೆ ಗೊತ್ತಾಗಲಿ ಅಂತ.

ಈಗ ಕುಣಿಗಲ್ಲಿನ ಮನೆಗೆ ಬರೋಣ. ನಮ್ಮ ದೊಡ್ಡಪ್ಪ ಮಹಾದೇವಯ್ಯ ಹೈಸ್ಕೂಲ್ ಹೆಡ್‌ಮಾಸ್ಟರ್ ಆಗಿ ರಿಟೈರ್ ಆದವರು. ನಾಲ್ಕು ವರ್ಷದ ಹಿಂದೆ ಮನೆ ಕಟ್ಟಿಸಿದರು. ಕಾಂಕ್ರೀಟ್ ಮೋಲ್ಡ್ ಹಾಕುವ ದಿನ ನಮ್ಮ ದೊಡ್ಡಮ್ಮ ಸರ್ವಮಂಗಳ ಮೇಸ್ತ್ರಿಯ ಎದುರು ನಿಂತು, ಹಾಲ್‌ನ ಕಂಬಿಗೆ ಒಂದು ದಪ್ಪ ಕಬ್ಬಿಣದ ಕೊಕ್ಕೆ ಕಟ್ಟಿಸಿಕೊಂಡಿದ್ದರು. ತೊಟ್ಟಿಲಿಗೆ ಅಂತ. ಗುಬ್ಬಿಯ ಅವರ ತವರಿನಲ್ಲಿ ಒಂದು ಹಲಸಿನ ಮರದ ತೊಟ್ಟಿಲು ಇದೆ. ದೊಡ್ಡಮ್ಮ, ಅವರ ತಂಗಿ ನಮ್ಮಮ್ಮ, ದೊಡ್ಡಮ್ಮನ ಮಗಳು ಸುಮನಕ್ಕ, ಎಲ್ಲರೂ ಅದರಲ್ಲೇ ಮಲಗಿದವರು.

ಆಮೇಲೆ ಸೀಲಿಂಗ್ ಕೆಲಸಕ್ಕೆ ರಾಮಾಂಜಿನಯ್ಯ ಬಂದರು. ಗೃಹಪ್ರವೇಶಕ್ಕೆ ಮೂರು ದಿನ ಬಾಕಿ. ಡಿಸೈನ್ ಪ್ರಕಾರ ಹಾಲ್‌ನ ಮಧ್ಯೆ ತಟ್ಟೆಯ ಹಾಗೆ ಒಂದು ಗುಳಿ, ಸುತ್ತ ಲೈಟು. ನೋಡಿದರೆ ಮೋಲ್ಡ್‌ನ ಕೊಕ್ಕೆ ಒಂದು ಮೊಳ ಪಕ್ಕಕ್ಕೆ, ಸರಿಯಾಗಿ ಲೈಟಿನ ಗೆರೆಯ ಮೇಲೆ ಬರುತ್ತಿತ್ತು. ಇವರು ಅದನ್ನು ಬೋರ್ಡಿನ ಹಿಂದೆ ಮುಚ್ಚಿ ಹಾಕಿ, ಗುಳಿಯ ನಟ್ಟನಡುವೆ ಚೆಂದಕ್ಕೆ ಒಂದು ಹಿತ್ತಾಳೆ ಕೊಕ್ಕೆ ಕೂರಿಸಿದರು. ಅದು ನಿಂತಿದ್ದು ಬೋರ್ಡ್ ಹಿಡಿಯುವ ತೆಳು ತಗಡಿನ ಪಟ್ಟಿಗೆ. ಹಬ್ಬಕ್ಕೆ ಹೂವಿನ ಸರ ಇಳಿಬಿಡಬಹುದು, ಅಷ್ಟು ಭಾರಕ್ಕೇ ಅದು.

ದೊಡ್ಡಮ್ಮ ಆ ಹೊತ್ತಿಗೆ ಒಳಗೆ ಬಂದು ತಲೆ ಎತ್ತಿ ನೋಡಿದರಂತೆ. "ಅಯ್ಯೋ, ಕೊಕ್ಕೆನ ಎಷ್ಟ್ ಚೆನ್ನಾಗಿ ಮಧ್ಯಕ್ಕೆ ತಂದಿದೀಯಪ್ಪ! ಸುಮನಂಗೆ ಮಗು ಆದ್ರೆ ನಮ್ಮಮ್ಮನ ತೊಟ್ಟಿಲು ಇಲ್ಲೇ ಕಟ್ತೀನಿ."

ಏಣಿ ಮೇಲಿದ್ದ ರಾಮಾಂಜಿನಯ್ಯ ಕೇಳಿಸಿಕೊಂಡರು. ಹೊರಗೆ ಹೋಮದ ಇಟ್ಟಿಗೆ ಇಳಿಸುತ್ತಿದ್ದರು, ದೊಡ್ಡಪ್ಪ ಬೇಗ ಬೇಗ ಅಂತ ಕೂಗುತ್ತಿದ್ದರು. ಪೂಜೆ ಮುಗಿಯಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡು ಇಳಿದು ಹೋದರು.

"ಮರ್ತೋಯ್ತು ಅಂತ ಹೇಳಿದ್ರೆ ಸುಳ್ಳಾಗ್ತದೆ. ಮರೀಲಿ ಅಂತ ಬುಟ್ಬುಟ್ಟೆ," ಅಂತ ಆಮೇಲೆ ನನ್ನ ಹತ್ತಿರ ಹೇಳಿದ್ದು ಅವರೇ.

ಈ ವರ್ಷ ಸುಮನಕ್ಕನಿಗೆ ಹೆಣ್ಣು ಮಗುವಾಯಿತು. ಭಾನುವಾರ ತೊಟ್ಟಿಲು ಶಾಸ್ತ್ರ, ನಾಮಕರಣ. ಗುಬ್ಬಿಯಿಂದ ತೊಟ್ಟಿಲು ಗೂಡ್ಸ್ ಆಟೋದಲ್ಲಿ ಬಂತು. ನಮ್ಮ ಕಡೆ ಖಾಲಿ ತೊಟ್ಟಿಲು ತೂಗುವುದಿಲ್ಲ, ಮಗುವಿಗೆ ಮುಂಚೆ ಅರೆಯುವ ಗುಂಡುಕಲ್ಲನ್ನು ಮಲಗಿಸಿ ತೂಗುತ್ತಾರೆ. ಗುರುವಾರ ದೊಡ್ಡಪ್ಪ ಹೊರಗೆ ಹೋಗಿದ್ದಾಗ ದೊಡ್ಡಮ್ಮ ಸರಪಳಿ ಉದ್ದ ಸರಿಯಾಗಿದೆಯಾ ನೋಡೋಣ ಅಂತ ತೊಟ್ಟಿಲನ್ನು ಆ ಹಿತ್ತಾಳೆ ಕೊಕ್ಕೆಗೆ ಕಟ್ಟಿಸಿದರು. ಖಾಲಿ ತೂಗಬಾರದಲ್ಲ, ಗುಂಡುಕಲ್ಲು ಇಟ್ಟರು. ನಾಲ್ಕು ಸಲ ತೂಗಿದರು. ಮೇಲೆ ಹಪ್ಪಳ ಮುರಿದಂತೆ ಸಣ್ಣ ಸದ್ದು. ನೋಡಿದರೆ ಕೊಕ್ಕೆಯಿಂದ ಲೈಟಿನವರೆಗೂ ಓರೆ ಬಿರುಕು.

ದೊಡ್ಡಮ್ಮ ತೊಟ್ಟಿಲು ಇಳಿಸಿ, ಕಲ್ಲನ್ನು ಅಡಿಗೆಮನೆಗೆ ಹೊತ್ತುಕೊಂಡು ಹೋಗಿ, ನಾಮಕರಣಕ್ಕೆ ಅಂತ ಬಂದಿದ್ದ ನಮ್ಮ ಕಡೆ ತಿರುಗಿ ಹೇಳಿದ್ದು ಇಷ್ಟು. "ಕಲ್ಲು ಇಟ್ಟಾಗ ಬಿರುಕು ಬಿಡ್ತು ಅಂತ ಯಾರೂ ಬಾಯಿ ಬಿಡ್ಕೂಡ್ದು. ಬೀಗರ ಕಿವಿಗೆ ಬಿದ್ರೆ ಅಪಶಕುನ ಅಂತಾರೆ, ಮಗು ತಲೆಗೆ ಕಟ್ತಾರೆ. ರಾಮಾಂಜಿನಯ್ಯನ್ನ ಕರ್ಸಿ, ಮೆತ್ತಿಸಿಬಿಡೋಣ."

ಶುಕ್ರವಾರ ಬೆಳಿಗ್ಗೆ ಮೊಪೆಡ್ ಮೇಲೆ ಗಂಡ ಹೆಂಡತಿ ಬಂದಿಳಿದರು. ಹಿಂದೆ ತಿಪ್ಪಮ್ಮ, ಅವರ ತೊಡೆ ಮೇಲೆ ಬಕೆಟ್ಟು.

"ಏನಪ್ಪ ರಾಮಾಂಜಿನಯ್ಯ, ನಾಲ್ಕೇ ವರ್ಷಕ್ಕೆ ಸೀಲಿಂಗು ಹಲ್ಲು ಬಿಡ್ತಾ ಇದೆಯಲ್ಲ," ಅಂದರು ದೊಡ್ಡಪ್ಪ. "ನಾಡಿದ್ದು ಐವತ್ತು ಜನ ಬರ್ತಾರೆ, ಫೋಟೋದಲ್ಲಿ ಬಿರುಕು ಕಾಣ್ಬಾರ್ದು, ಅಷ್ಟು ಮಾಡು."

"ನೋಡಾನ ಇರಿ ಸಾ."

ಪಕ್ಕದ ಮನೆಯಿಂದ ತಂದ ಏಣಿ ಹತ್ತಿದರು. ಮೊಬೈಲ್ ಟಾರ್ಚನ್ನು ಸೀಲಿಂಗಿಗೆ ಒರಗಿಸಿ ಬೆಳಕು ಬಿಟ್ಟರು. ಹಾಗೆ ಬಿಟ್ಟಾಗ ಬಿರುಕಿನ ಒಂದು ಅಂಚು ನೆರಳು ಹಾಕಿತು, ನನ್ನ ಕಣ್ಣಿಗೂ ಕಂಡಿತು, ಬೋರ್ಡ್ ಜಗ್ಗಿದೆ. ಆಮೇಲೆ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರು. ಟಕ್ ಟಕ್ ಎನ್ನುತ್ತಿದ್ದದ್ದು ಹಿತ್ತಾಳೆ ಕೊಕ್ಕೆಯ ಹತ್ತಿರ ಬಂದಾಗ ಕಳಕಳ ಅಂತು. ಸ್ಕ್ರೂ ಕಿತ್ತು ಬಂದಿತ್ತು. ರಾಮಾಂಜಿನಯ್ಯ ಅಲ್ಲೇ ಕೈ ಇಟ್ಟುಕೊಂಡು ನಿಂತುಬಿಟ್ಟರು.

"ಏನಾರ ನೇತಾಕಿದ್ರಾ ಅಮ್ಮಾ ಇದ್ಕೆ?"

"ಇಲ್ಲಪ್ಪ, ಏನೂ ಇಲ್ಲ," ಅಂದರು ದೊಡ್ಡಮ್ಮ.

ಆಗಲೇ ರಾಮಾಂಜಿನಯ್ಯನವರ ಕಣ್ಣಿಗೆ ಗೋಡೆ ಪಕ್ಕದಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ತೊಟ್ಟಿಲು ಬಿತ್ತು. ರೂಮಿನಿಂದ ಮಗು ಅಳುವುದೂ ಕೇಳಿಸಿತು. ಅವರ ಮುಖ ಹೋದ ಪರಿ ನಾನು ಮರೆಯುವುದಿಲ್ಲ. ತಿಪ್ಪಮ್ಮ ಬಕೆಟ್ಟಿನಲ್ಲಿ ಹಿಟ್ಟು ಕಲಸಲು ಶುರು ಮಾಡಿದ್ದರು.

"ಹದ ಆಗೈತೆ, ತಕ್ಕಳಿ ಇವ್ರೇ," ಅಂದರು.

"ಕಲಸ್ಬ್ಯಾಡ ಬುಡು."

"ಯಾಕೆ?"

ರಾಮಾಂಜಿನಯ್ಯ ಏಣಿಯಿಂದ ಎರಡು ಮೆಟ್ಟಿಲು ಇಳಿದರು, ಪೂರಾ ಇಳಿಯಲಿಲ್ಲ. "ಅಮ್ಮಾ, ಈ ಕೊಕ್ಕೆಗೆ ತೊಟ್ಟಿಲು ಕಟ್ಬ್ಯಾಡಿ. ಇದು ತೊಟ್ಟಿಲು ಕೊಕ್ಕೆ ಅಲ್ಲ. ತಗಡಿಗೆ ಹೊಡ್ದಿರೋದು. ನಿಮ್ ಕೊಕ್ಕೆನ ನಾನು ಮುಚ್ಚಾಕ್ಬುಟ್ಟಿದೀನಿ."



"ಏನಂದೆ?" ಅಂದರು ದೊಡ್ಡಪ್ಪ.

ರಾಮಾಂಜಿನಯ್ಯ ಮತ್ತೆ ಮೇಲೆ ಹತ್ತಿದರು. ಬ್ಲೇಡ್ ತೆಗೆದು ಕೊಕ್ಕೆಯ ಸುತ್ತ ಚೌಕಕ್ಕೆ ಕೊಯ್ಯಲು ಶುರು ಮಾಡಿದರು. "ಏಯ್, ಕೊಯ್ಯಬೇಡ, ನಾಡಿದ್ದು ಫಂಕ್ಷನ್ನು!" ಅಂತ ದೊಡ್ಡಪ್ಪ ಕೂಗುತ್ತಿದ್ದಂತೆಯೇ ಬೋರ್ಡಿನ ಚೌಕ ತುಂಡು ಕೈಗೆ ಬಂತು. ಕೆಳಗಿದ್ದ ತಿಪ್ಪಮ್ಮನವರಿಗೆ ಕೊಟ್ಟರು. ಅವರು ಅದನ್ನು ಬೋರಲು ಮಾಡಿ ಟೀಪಾಯಿ ಮೇಲೆ ಇಟ್ಟರು. ಪೆನ್ಸಿಲ್ ಬರಹ ಮೇಲಾಯಿತು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು, ಮೇಷ್ಟರಲ್ಲವೇ, ತಾರೀಖಿನ ಕೆಳಗಿದ್ದದ್ದನ್ನು ಗಟ್ಟಿಯಾಗಿ ಓದಿದರು.

"ಮಹಾದೇವಯ್ಯ ಮೇಷ್ಟ್ರು, ಕುಣಿಗಲ್. ಕೊಕ್ಕೆ ಹೂವಿಗೆ ಮಾತ್ರ."

ಇನ್ನೊಂದು ಸಲ ಓದಿದರು. ಎರಡನೇ ಸಲ ದನಿ ಬೇರೆಯಾಗಿತ್ತು. "ಇದನ್ನ ಯಾರಿಗೆ ಬರ್ದೆ ನೀನು? ಹಲ್ಲಿಗಳಿಗಾ? ಇಲ್ಲೇ ಕೆಳಗೆ ನಿಂತಿದ್ವಲ್ಲಯ್ಯಾ ನಾವು, ಎರಡು ಕಾಲಿನ ಮನುಷ್ಯರು! ಬಾಯಿ ಇರಲಿಲ್ವಾ?"

"ಇತ್ತು ಸಾ."

"ಗೊತ್ತಿದ್ದೂ ಹೇಳ್ಲಿಲ್ಲ. ಗೊತ್ತಿದ್ದೂ! ಮಗು ತಲೆ ಮೇಲೆ..."  ದೊಡ್ಡಪ್ಪ ಅಷ್ಟು ಕೆಂಪಾಗಿದ್ದನ್ನು ನಾನು ನೋಡಿಯೇ ಇಲ್ಲ. "ಇಳಿ ಕೆಳಗೆ. ನಡಿ ಮನೆಯಿಂದ ಆಚೆಗೆ."

ರಾಮಾಂಜಿನಯ್ಯ ಇಳಿದು ಬಂದು ಟವೆಲ್‌ನಿಂದ ಮುಖ ಒರೆಸಿಕೊಂಡರು. ತಿಪ್ಪಮ್ಮ ಗಂಡನನ್ನೇ ನೋಡುತ್ತಿದ್ದರು. ಅವರಿಗೂ ಇದು ಹೊಸ ಸುದ್ದಿ. "ನಂಗೂ ಹೇಳ್ಲಿಲ್ವಲ್ಲ ಇವ್ರೇ," ಅಂದರು ಮೆಲ್ಲಗೆ. ಬೈಗುಳಕ್ಕೆ ಬಗ್ಗದ ಮನುಷ್ಯ ಆ ಮಾತಿಗೆ ಕುಸಿದು ನೆಲಕ್ಕೆ ಕೂತರು.

ಆಗ ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡು, "ಅವನೊಬ್ಬನದೇ ಅಲ್ಲ ಕಣ್ರೀ," ಅಂದರು. "ಈಗಷ್ಟೇ ಕೇಳಿದ್ನಲ್ಲ, ಏನಾದ್ರೂ ನೇತು ಹಾಕಿದ್ರಾ ಅಂತ. ನಾನು ಇಲ್ಲ ಅಂದೆ. ಗುಂಡುಕಲ್ಲು ಇಟ್ಟು ತೂಗಿದ್ದೆ ನಾನು. ಕಲ್ಲಿಗೇ ಸೀಳಿದೆ ಅಂತ ಕಣ್ಣಾರೆ ನೋಡಿದ್ದೆ. ಮೆತ್ತಿಸಿ, ನಾಡಿದ್ದು ಅದೇ ಕೊಕ್ಕೆಗೆ ಮಗುನ ಹಾಕ್ತಿದ್ದೆ. ಬೀಗರು ಏನಂತಾರೋ ಅನ್ನೋದೇ ದೊಡ್ಡದಾಯ್ತು ನಂಗೆ."

ಸುಮನಕ್ಕ ರೂಮಿನ ಬಾಗಿಲಲ್ಲಿ ಮಗು ಎತ್ತಿಕೊಂಡು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ದೊಡ್ಡಪ್ಪ, "ಸ್ಟ್ಯಾಂಡ್ ತೊಟ್ಟಿಲು ಬಾಡಿಗೆಗೆ ತರೋಣ, ಅಷ್ಟೇ," ಅಂದರು. ದೊಡ್ಡಮ್ಮನಿಗೆ ಅಳುವೇ ಬಂತು, ಅವರಮ್ಮನ ತೊಟ್ಟಿಲು ಅಷ್ಟು ದೂರದಿಂದ ಬಂದು ಗೋಡೆಗೆ ಒರಗಿ ನಿಲ್ಲಬೇಕಾ ಅಂತ.

"ಆ ಕಬ್ಬಿಣದ ಕೊಕ್ಕೆ ಮೇಲೆ ಇನ್ನೂ ಇದೆಯಾ?" ಸುಮನಕ್ಕ ಕೇಳಿದಳು. ಕೇಳಿದ್ದು ರಾಮಾಂಜಿನಯ್ಯನವರನ್ನು.

"ಐತೆ ತಾಯಿ. ಒಂದ್ ಮೊಳ ಈಚೆಗೆ."

"ಹಾಗಾದ್ರೆ ಅದನ್ನ ಬಿಚ್ಚಿ ತೋರ್ಸಿ. ಆಮೇಲೆ ನೋಡೋಣ."

ಅವರು ದೊಡ್ಡಪ್ಪನ ಮುಖ ನೋಡಿದರು. ದೊಡ್ಡಪ್ಪ ಬೇರೆ ಕಡೆ ತಿರುಗಿಕೊಂಡರು, ಆದರೆ ಬೇಡ ಅನ್ನಲಿಲ್ಲ.

ಎರಡನೇ ಚೌಕವೂ ಕೊಯ್ದಾಯಿತು, ಲೈಟಿನ ಗೆರೆಯನ್ನೂ ಸೇರಿಸಿ. ಒಳಗೆ ಕೈ ಹಾಕಿ ಜೇಡರ ಬಲೆ ಒರೆಸಿದರೆ ಹೆಬ್ಬೆರಳಿನ ದಪ್ಪದ ಕಬ್ಬಿಣ. ರಾಮಾಂಜಿನಯ್ಯ ಅದಕ್ಕೆ ತೊಟ್ಟಿಲಿನ ಸರಪಳಿ ಸಿಕ್ಕಿಸಿ, ಸರಪಳಿ ಹಿಡಿದುಕೊಂಡು ಎರಡೂ ಕಾಲು ಮೇಲೆತ್ತಿದರು. ಐವತ್ತಾರು ವರ್ಷದ ಮನುಷ್ಯ ಹಾಲ್‌ನ ಮಧ್ಯೆ ನೇತಾಡುತ್ತಾ, "ತಿಪ್ಪಿ, ಬಾ ಇಲ್ಲಿ. ನನ್ ಸೊಂಟ ಹಿಡ್ಕಂಡು ಜೋತು ಬೀಳು," ಅಂದರು.

"ಮುವತ್ ವರ್ಷ ಜೋತುಬಿದ್ದಿದ್ ಸಾಲ್ದಾ?" ಅಂತ ಗೊಣಗಿಕೊಂಡೇ ತಿಪ್ಪಮ್ಮ ಬಂದು ಜೋತು ಬಿದ್ದರು. ಯಾರೂ ನಗಲಿಲ್ಲ. ಎಲ್ಲರ ಕಣ್ಣು ಮೇಲೆ. ಕೊಕ್ಕೆ ಒಂದು ಚೂರೂ ಮಿಸುಕಲಿಲ್ಲ. ಅವರು ಮಾತ್ರ ಮೂರು ಸಲ ಹಾಗೆ ಮಾಡಿದರು, ಇಳಿದು ಬಂದಾಗ ಅಂಗೈ ಕಿತ್ತು ರಕ್ತ ಬಂದಿತ್ತು.

ಈಗ ತೂತಿನ ಪ್ರಶ್ನೆ. ಹಾಲ್‌ನ ನೆತ್ತಿಯಲ್ಲಿ ಎರಡು ದೊಡ್ಡ ಚೌಕ ತೂತು, ಒಳಗಿನ ವೈರು ತಗಡು ಎಲ್ಲಾ ಕಾಣಿಸುತ್ತಿದೆ. ದೊಡ್ಡಪ್ಪ ಹಟ ಹಿಡಿದರು, ಕೊಕ್ಕೆ ಮಾತ್ರ ಹೊರಗೆ ಬಿಟ್ಟು ಉಳಿದದ್ದು ಮುಚ್ಚು, ಬಿಳಿ ಬಳಿ, ಎರಡು ದಿನ ಇದೆಯಲ್ಲ. ರಾಮಾಂಜಿನಯ್ಯ ತಲೆ ಅಲ್ಲಾಡಿಸಿದರು. "ಮೂರ್ ಕೋಟು, ಮೂರ್ ದಿನ ಒಣಗ್ಬೇಕು ಸಾ. ಹಸೀದ್ರ ಮೇಲೆ ಹಸೀದು ಬಳಿದ್ರೆ ಭಾನುವಾರ ಚೆಂದ ಕಾಣ್ತದೆ, ಮುಂದಿನ್ ವಾರ ಮತ್ತೆ ಬಿಡ್ತದೆ. ಚೆಂದಕ್ಕೆ ಅಂತ ಒಂದ್ಸಲ ಮಾಡಿ ನೋಡಾಯ್ತಲ್ಲ. ಈಗ ಮಾಡಲ್ಲ."

"ತೂತು ಇರ್ಲಿ ಅಪ್ಪಾ," ಅಂದಳು ಸುಮನಕ್ಕ. "ಕೆಳಗೆ ಮಲಗೋದು ನನ್ನ ಮಗಳು. ಫೋಟೋ ಆಮೇಲೆ."

ಭಾನುವಾರ ಬೀಗರು ಯಡಿಯೂರಿಗೆ ಹೋಗಿ ಪೂಜೆ ಮಾಡಿಸಿಕೊಂಡೇ ಬಂದರು. ಸುಮನಕ್ಕನ ಅತ್ತೆ ಒಳಗೆ ಕಾಲಿಡುತ್ತಲೇ ತಲೆ ಎತ್ತಿ, "ಇದೇನ್ರೀ ಬೀಗ್ತೀರೇ, ಮನೆಗೆ ಕಳ್ಳರು ಮೇಲಿಂದ ಬಂದಿದ್ರಾ?" ಅಂದರು. ದೊಡ್ಡಮ್ಮ ಕೈಯಲ್ಲಿದ್ದ ಆರತಿ ತಟ್ಟೆ ಕೆಳಗಿಟ್ಟರು. ಎಲ್ಲವನ್ನೂ ಹೇಳಿಬಿಟ್ಟರು, ಗುಂಡುಕಲ್ಲು, ಬಿರುಕು, ತಾವು ಮುಚ್ಚಿಟ್ಟಿದ್ದು. ಆಯಮ್ಮ ಒಂದು ಸಲ ಕೊಕ್ಕೆ ನೋಡಿದರು, ಒಂದು ಸಲ ತೊಟ್ಟಿಲು ನೋಡಿದರು. ಆಮೇಲೆ, "ಮೊದ್ಲು ಕಲ್ಲು ತನ್ನಿ," ಅಂದರು. ಅವರೇ ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿ, ಒಂದಲ್ಲ ಎರಡಲ್ಲ, ಇಪ್ಪತ್ತು ಸಲ ಜೋರಾಗಿ ತೂಗಿದರು. ಅದಾದ ಮೇಲೇ ಮಗುವನ್ನು ಮಲಗಿಸಲು ಬಿಟ್ಟಿದ್ದು. ಇಂಪನಾ ಅಂತ ಹೆಸರಿಟ್ಟರು. ಊಟ ಮುಗಿಯುವವರೆಗೂ ಅವರು ದೊಡ್ಡಮ್ಮನ ಜೊತೆ ಅಷ್ಟಾಗಿ ಮಾತಾಡಲಿಲ್ಲ, ಅದೂ ನಿಜ.

ರಾಮಾಂಜಿನಯ್ಯ ಬಾಗಿಲ ಹೊರಗೆ ಚಪ್ಪಲಿಗಳ ಮಧ್ಯೆ ನಿಂತಿದ್ದರು. ಸುಮನಕ್ಕ ಕರೆದ ಮೇಲೆ ಒಳಗೆ ಬಂದರು. ಎಲ್ಲರೂ ಬಗ್ಗಿ ಬಗ್ಗಿ ಮಗು ನೋಡುತ್ತಿದ್ದರೆ ಇವರ ಕಣ್ಣು ಕೊಕ್ಕೆ ಬಿಟ್ಟು ಕೆಳಗೆ ಇಳಿಯಲಿಲ್ಲ. ಮಗುವಿನ ಮುಖ ನೋಡದೆಯೇ ಮತ್ತೆ ಹೊರಗೆ ಹೋದರು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಊಟ ಆದ ಮೇಲೆ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ ಅವರಿಗೆ ನೀರು ಕೊಡಲು ಹೋದರೆ ಬೆರಳು ಮಡಚುತ್ತಾ ಕೂತಿದ್ದಾರೆ. ಏನು ಎಂದು ಕೇಳಿದೆ.

"ಈ ಮನೆ ಸೀಲಿಂಗು ಚೆಂದ ಬಂತು ಅಂತ ಫೋನಲ್ಲಿ ಫೋಟೋ ಇಟ್ಕಂಡಿದ್ದೆ. ನೋಡಿದೋರೆಲ್ಲ ಇದೇ ಕೊಕ್ಕೆ ಬೇಕು ಅಂದ್ರು. ಇನ್ನೂ ಎಂಟು ಮನೆಗೆ ಹಾಕಿದೀನಿ ಕಣಮ್ಮ. ಎಂಟರಲ್ಲಿ ಯಾವ ಮನೇಲಿ ಮಗು ಹುಟ್ಟೈತೋ, ಯಾರು ಉಯ್ಯಾಲೆ ಕಟ್ಟವ್ರೋ."

ಅವತ್ತಿನಿಂದ ಇಬ್ಬರೂ ಕೆಲಸವಿಲ್ಲದ ದಿನವೆಲ್ಲ ಆ ಮನೆಗಳನ್ನು ಹುಡುಕಿ ಹುಡುಕಿ ಕೊಕ್ಕೆ ಬಿಚ್ಚುತ್ತಿದ್ದಾರೆ. ವಿಳಾಸ ಬರೆದಿಟ್ಟ ಪುಸ್ತಕ ಇಲ್ಲ, ಬರೆದಿರುವುದೆಲ್ಲ ಬೋರ್ಡಿನ ಬೆನ್ನ ಮೇಲೆ, ಆಯಾ ಮನೆಯ ಸೀಲಿಂಗಿನೊಳಗೆ. ತಿಪ್ಪಮ್ಮನವರಿಗೆ ಮನೆಗಳು ನೆನಪಿರುವುದು ಅಲ್ಲಿ ಕೊಟ್ಟ ತಿಂಡಿಯಿಂದ. ಗುಬ್ಬಿಯಲ್ಲಿ ಹುರುಳಿಕಾಳಿನ ಸಾರು ಬಡಿಸಿದ ಮನೆ ಸಿಕ್ಕಿತು. ತುಮಕೂರಿನಲ್ಲಿ ಅವರೆಕಾಳು ಉಪ್ಪಿಟ್ಟಿನ ಮನೆ, ಒಡೆದ ಲೋಟದಲ್ಲಿ ಟೀ ಕೊಟ್ಟ ಮನೆ, ರಾಗಿ ಮುದ್ದೆ ಇಕ್ಕಿದ ಮನೆ, ಹೋಳಿಗೆ ಕಟ್ಟಿಕೊಟ್ಟ ಮನೆ ಸಿಕ್ಕವು. ಹೋಳಿಗೆ ಮನೆಯಲ್ಲಿ ಆ ಕೊಕ್ಕೆಗೆ ನಾಲ್ಕು ವರ್ಷದ ಹುಡುಗಿಗೆ ಜೋಕಾಲಿ ಕಟ್ಟಿದ್ದರಂತೆ. ಬಿಚ್ಚಿದಾಗ ತಗಡಿನ ಪಟ್ಟಿ ಎರಡೇ ಸ್ಕ್ರೂ ಮೇಲೆ ನಿಂತಿತ್ತು. ಆ ರಾತ್ರಿ ರಾಮಾಂಜಿನಯ್ಯ ಊಟ ಮಾಡಲಿಲ್ಲ ಅಂತ ತಿಪ್ಪಮ್ಮ ಹೇಳಿದರು. ಇನ್ನೊಂದು ಮನೆಯವರು, ಗುಬ್ಬಿಯವರೇ, ರೇಣುಕಾಪ್ರಸಾದ್ ಅಂತ, ಗೇಟು ತೆಗೆಯಲೇ ಇಲ್ಲ. "ಚೆನ್ನಾಗಿರೋ ಸೀಲಿಂಗ್ ಕಿತ್ತು ಹೊಸ ಕೆಲ್ಸ ಗಿಟ್ಟಿಸೋ ಪ್ಲಾನು ಇದು, ಹೋಗಯ್ಯ," ಅಂದರಂತೆ. ಪುಕ್ಕಟೆ ಮಾಡಿಕೊಡ್ತೀನಿ ಅಂದರೂ ನಂಬಲಿಲ್ಲ. ಇವರು ಈಗಾಗಲೇ ನಾಲ್ಕು ಸಲ ಹೋಗಿ ಬಂದಿದ್ದಾರೆ, ಐದನೇ ಸಲಕ್ಕೂ ಹೋಗುತ್ತಾರೆ.

ದೊಡ್ಡಪ್ಪ ಈಗಲೂ ಅವರ ಜೊತೆ ಬಿಗಿಯಾಗಿಯೇ ಇದ್ದಾರೆ. ಒಂದು ತಿಂಗಳ ಮೇಲೆ ತೂತು ಮುಚ್ಚಲು ಬಂದಾಗ ದೊಡ್ಡಮ್ಮ, ಮಗು ತೊಟ್ಟಿಲು ಬಿಡುವವರೆಗೂ ಇರಲಿ ಅಂದರು. ಮಲಗಿಸುವಾಗ ಪ್ರತಿ ಸಲ ತಲೆ ಎತ್ತಿ ಆ ಕಬ್ಬಿಣ ನೋಡಿಕೊಳ್ಳಬೇಕಂತೆ ಅವರಿಗೆ.

ಎಂಟರಲ್ಲಿ ಐದು ಮುಗಿದಿವೆ. ಗೇಟು ತೆಗೆಯದ ಮನೆ ಒಂದು. ಕುಣಿಗಲ್ಲಿನಲ್ಲೇ ಇರುವ ಇನ್ನೊಂದು ಮನೆ ಮಾರಾಟವಾಗಿದೆ, ಕೊಂಡವರು ಬೀಗ ಹಾಕಿ ಎಲ್ಲೋ ಹೋಗಿದ್ದಾರೆ. ಕೊನೆಯದು ತುಮಕೂರಿನಲ್ಲಿ ಎಲ್ಲೋ ಇದೆ, ಯಾವ ಬಡಾವಣೆ ಅಂತ ಇಬ್ಬರಿಗೂ ನೆನಪಾಗುತ್ತಿಲ್ಲ. "ಆ ಮನೇಲಿ ಕುಡಿಯಾಕೆ ನೀರೂ ಕೊಡ್ಲಿಲ್ಲ ಕಣಮ್ಮ. ಅದ್ಕೇ ನೆಪ್ಪಿಗೆ ಬರ್ತಿಲ್ಲ. ನಾಕ್ ದಿನ ಬಾಟ್ಲಿ ನೀರು ಕುಡ್ಕಂಡು ಕೆಲ್ಸ ಮಾಡಿದ್ವಿ. ಹಸಿರು ಗೇಟು ಅನ್ನೋದೊಂದೇ ನೆಪ್ಪು," ಎನ್ನುತ್ತಾರೆ ತಿಪ್ಪಮ್ಮ.

ತುಮಕೂರಿನಲ್ಲಿ ಹಸಿರು ಗೇಟು ಎಷ್ಟು ಇರಬಹುದು ಹೇಳಿ. ಅದಕ್ಕೇ ಇಷ್ಟು ಹೇಳಿದ್ದು. ನಿಮ್ಮ ಹಾಲ್‌ನ ಸೀಲಿಂಗಿನ ಮಧ್ಯೆ ತಟ್ಟೆಯಂಥ ಗುಳಿ, ಅದರ ನಡುವೆ ಒಂದು ಹಿತ್ತಾಳೆ ಕೊಕ್ಕೆ ಇದ್ದರೆ ಅದಕ್ಕೆ ಏನನ್ನೂ ಕಟ್ಟಬೇಡಿ. ಕಟ್ಟಿದ್ದರೆ ಈಗಲೇ ಇಳಿಸಿ. ಇಳಿಸಿ ಮರಳೂರಿಗೆ ಹೋಗಿ. ಬೆಳಿಗ್ಗೆ ಎಂಟು ಗಂಟೆಯವರೆಗೂ ಹಾಲಿನ ಡೈರಿ ಪಕ್ಕದ ಟೀ ಅಂಗಡಿಯಲ್ಲಿ ಕತ್ತು ಹಿಂದಕ್ಕೆ ವಾಲಿಸಿಕೊಂಡು ಒಬ್ಬರು ಕೂತಿರುತ್ತಾರೆ, ಪಕ್ಕದಲ್ಲಿ ಬಿಳಿ ಬಕೆಟ್ಟು, ಮೊಪೆಡ್ಡು, ತಿಪ್ಪಮ್ಮ. ಕೊಕ್ಕೆ ಇಲ್ಲದಿದ್ದರೂ ಒಂದು ಸಲ ಹೋಗಿ ಬನ್ನಿ, ನಿಮ್ಮ ಬೀದಿಯ ಹಸಿರು ಗೇಟುಗಳನ್ನಾದರೂ ಅವರಿಗೆ ಹೇಳಿ ಬನ್ನಿ. ಅವರೇ ಮಾತು ಶುರು ಮಾಡುವುದಿಲ್ಲ, ನೀವೇ ಕೇಳಬೇಕು.